ಎಡಗಡೆಯ ಸೀಟು

ಕ್ಲಚ್ಚಿನ ಮಾದರಿಯನ್ನು ಬದಿಗೆ ಸರಿಸಿ
ಮೇಜು ಖಾಲಿ ಮಾಡಿದೆ.
ಸರಸಿಜ ಟೀಚರ್ ಸುರುಳಿ ಬಿಚ್ಚಿ ಮೂಲೆಮೂಲೆಗೆ
ಚಾದ ಎರಡು ಲೋಟ, ಒಂದು ಸ್ಟೇಪ್ಲರ್,
ಎಲ್ಲೆಲ್ ಅರ್ಜಿಗಳ ಕಟ್ಟು ಇಟ್ಟರು.
ಬೆಂದೂರ್‌ವೆಲ್ಲಿನಲ್ಲಿ ಬಸ್ಸು ತಿರುಗಿದಾಗೆಲ್ಲ
ಜರ್ಮನಿ ಸ್ವಲ್ಪ ನಡುಗಿತು.

"ಸ್ಟುಟ್‌ಗಾರ್ಟಿನಿಂದ ಫ್ರೈಬುರ್ಗ್," ಅಂದರು.
ಹೈವೇಯಲ್ಲಿ ಎರಡೂವರೆ ಗಂಟೆ,
ಫೋನು ಕೇಳುವ ಮೊದಲೇ ನೀಲಿ ಗೆರೆ ಎಳೆಯಿತು.
ಟೀಚರ್ ಅದನ್ನು ಕವುಚಿ ಹಾಕಿದರು,
ಹಿಂದಿನ ಬೆಂಚಿನಿಂದ ಉತ್ತರ ಪಿಸುಗುಟ್ಟಿದ
ಹುಡುಗನ ಬಾಯಿ ಮುಚ್ಚಿಸಿದ ಹಾಗೆ.

ಮೂವತ್ತೊಂದು ವರ್ಷ ಉರ್ವದ ಶಾಲೆಯಲ್ಲಿ
ಇದೇ ಕಾಡನ್ನು ಬೋರ್ಡಿನ ಮೇಲೆ ಬರೆದವರು.
ನೆಲ ಬಿರಿದು ನಡುವೆ ಕುಸಿದದ್ದು ರೈನ್ ಕಣಿವೆ,
ಎರಡು ಬದಿ ಎದ್ದು ನಿಂತದ್ದು ಖಂಡ ಪರ್ವತ,
ಬಲಕ್ಕೆ ಕಪ್ಪು ಅರಣ್ಯ;
ವಿವರಿಸಿದರೆ ಎರಡು ಅಂಕ, ಚಿತ್ರ ಬರೆದರೆ ಮೂರು.
ಕಪ್ಪು ಅರಣ್ಯವನ್ನು ಬಿಳಿ ಸೀಮೆಸುಣ್ಣದಲ್ಲಿ
ಎಷ್ಟು ಸಲ ಬರೆದೆನೋ, ಅಳಿಸಿದೆನೋ,
ಒಂದು ಮರದ ಹೆಸರು ಗೊತ್ತಿಲ್ಲ ಸೆವ್ರಿನ್, ಅಂದರು.

ಅರುವತ್ತೊಂದಕ್ಕೆ ನನ್ನ ಹತ್ತಿರ ಕಾರು ಕಲಿಯಲು ಬಂದವರು ಇವರು.
ಮೂರು ಸಲ ಫೇಲು. ಎಂಟು ಬರೆಯಲು ಹೋಗಿ
ಪ್ರತಿ ಸಲ ಕಂಬಕ್ಕೆ ನಮಸ್ಕಾರ.
ನಾಲ್ಕನೆಯ ಸಲ ಬರಲಿಲ್ಲ.
ಆರು ತಿಂಗಳು ಬಿಟ್ಟು ಬಂದು ಕೇಳಿದ್ದು:
"ಖರ್ಚು ನನ್ನದು. ನೀನು ಬಿಡ್ತೀಯಾ?"

ಮುಡಿಯಿಂದ ನಿನ್ನೆಯ ಮಲ್ಲಿಗೆ ಬಿಡಿಸಿ
ಬಾಳೆನಾರು ಒದ್ದೆ ಮಾಡಿ
ನಕ್ಷೆಯ ಮೇಲೆ ಮಲಗಿಸಿದರು.
ಕಾಲ್ವ್, ಫ್ರಾಯ್ಡೆನ್‌ಸ್ಟಾಟ್, ಅಲ್ಲಿಂದ ಟ್ರಿಬರ್ಗಿನ ಜಲಪಾತ.
ನಾರು ಬೇಕಾದಲ್ಲಿ ಬಾಗಿತು, ಬೇಡದಲ್ಲೂ ಬಾಗಿತು.
ಎಷ್ಟು ಕಿಲೋಮೀಟರ್ ಎಂದು ಅಳೆದರೆ
ತುದಿ ಮೇಜು ದಾಟಿ ನೇತಾಡುತ್ತಿತ್ತು.

"ಇದು ಚಾರ್ಮಾಡಿಯಷ್ಟು ತಿರುವು ಉಂಟಾ ಟೀಚರ್?"
"ನನಗೆಂತ ಗೊತ್ತು, ನಾನು ಬೋರ್ಡಿನಲ್ಲಿ
ಎರಡೇ ಗೆರೆಯಲ್ಲಿ ಮುಗಿಸುತ್ತಿದ್ದೆ."
"ಊಟಕ್ಕೆ?" "ಬುತ್ತಿ ಕಟ್ಟುವ."
"ಕೋಗಿಲೆ ಗಡಿಯಾರ ಮಾರ್ತಾರಂತೆ."
"ಬೇಡ ಮಾರಾಯ್ತಿ, ನಮ್ಮ ಹಿತ್ತಿಲಲ್ಲಿ ನಿಜದ್ದೇ ಉಂಟು,
ನಾಲ್ಕು ಗಂಟೆಗೇ ಎಬ್ಬಿಸ್ತದೆ, ಕೀಲಿ ಕೊಡದೆ."

ಮತ್ತೆ ಮೆಲ್ಲಗೆ, ಲೋಟದ ತಳ ನೋಡುತ್ತ,
"ಅಲ್ಲಿ ಬಲಗಡೆ ಬಿಡಬೇಕಲ್ಲ. ಹೆದರಿಕೆ ಇಲ್ಲವಾ?"
ಹೇಳಬೇಕೆಂದಿದ್ದೆ, ಹೇಳಲಿಲ್ಲ.

ಇಪ್ಪತ್ತೆರಡು ವರ್ಷ ನಾನು ಎಡಗಡೆಯವಳು.
ನನ್ನ ಕಾಲಡಿಗೆ ಬ್ರೇಕು ಉಂಟು, ಕ್ಲಚ್ಚು ಉಂಟು,
ಕೈಗೆ ಏನಿಲ್ಲ.
ನಂತೂರಿನ ವೃತ್ತದಲ್ಲಿ, ನೇತ್ರಾವತಿ ಸೇತುವೆಯಲ್ಲಿ,
ಊರಿನ ಅರ್ಧ ಜನ ಬೆವರಿದ ಅಂಗೈಯಲ್ಲಿ ಹಿಡಿದದ್ದನ್ನು
ನಾನು ಬೆರಳ ತುದಿಯಿಂದ ಒಂದಿಷ್ಟು ತಿದ್ದಿದ್ದು, ಅಷ್ಟೇ.
ಬೇರೆಯವರ ಆತುರ ನಿಲ್ಲಿಸುವುದು ನನ್ನ ಕೆಲಸ,
ಹೊರಡುವುದು ಅವರದು.
ಬಾಡಿಗೆ ಕಾರಿನ ಚಿತ್ರ ನಿನ್ನೆ ರಾತ್ರಿ ದೊಡ್ಡದು ಮಾಡಿ ನೋಡಿದೆ:
ನನ್ನದೇ ಸೀಟು. ಅದೇ ಕಿಟಕಿ, ಅದೇ ಬಾಗಿಲು.
ಎದುರಿಗೆ ಮಾತ್ರ
ದುಂಡಗೆ ಒಂದು ಚಕ್ರ.

"ನಿಮಗೆ ಬಲಗಡೆಯ ಸೀಟು, ಟೀಚರ್," ಅಂದೆ.
"ಅಲ್ಲಿ ನಾನೆಂತ ಮಾಡುವುದು?"
"ಇಲ್ಲದ ಬ್ರೇಕು ಒತ್ತುವುದು. ಅಭ್ಯಾಸ ಆಗ್ತದೆ."
ನಕ್ಕರು. ನಾರನ್ನು ಸುತ್ತಿ ಪರ್ಸಿಗೆ ಹಾಕಿಕೊಂಡರು,
ಪೂರ್ತಿ ರಸ್ತೆ, ಜಲಪಾತ ಸಮೇತ,
ವೀಸಾ ಇನ್ನೂ ಬರಲಿಲ್ಲ.

ಐದೂವರೆಯ ಹುಡುಗ ಹೊರಗೆ ಕಾಯುತ್ತಿದ್ದ,
ಬಂದರಿನ ಮೀನು ಲೆಕ್ಕದವನು, ಎರಡನೆಯ ದಿನ.
ಹತ್ತಿ ಕೂತೆ. ಬೆಲ್ಟು ಹಾಕಿದೆ.
ಕೈ ಎರಡೂ ತಾವಾಗಿ ಎದ್ದು
ಡ್ಯಾಶ್‌ಬೋರ್ಡಿನ ಮುಂದೆ ಗಾಳಿ ಹಿಡಿದು ನಿಂತವು.

"ಎಂತ ಮೇಡಂ?"
ಏನಿಲ್ಲ. ನೀನು ಕನ್ನಡಿ ನೋಡು.